ನಿಮ್ಮ ಓಣಿಯ ಆರೋಗ್ಯದ ಲೆಕ್ಕ ಬರೆಯುವ ಬಗೆ

ಬೆಳಗಾವಿಯ ಒಂದೇ ವಾರ್ಡಿನ ಎರಡು ಓಣಿಗಳಲ್ಲಿ ಆರೋಗ್ಯ ಒಂದೇ ತೆರನಾಗಿ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದರೂ, ಅದನ್ನು ಪಾಲಿಕೆಯ ಮುಂದಿಡುವ ಹೊತ್ತಿಗೆ ಕೈಯಲ್ಲಿ ಲೆಕ್ಕ ಇರುವುದಿಲ್ಲ. ಸರ್ಕಾರಿ ವರದಿಗಳು ಹೆಚ್ಚಾಗಿ ಜಿಲ್ಲೆಯ ಸರಾಸರಿಗೇ ನಿಂತುಬಿಡುತ್ತವೆ. ಆ ಸರಾಸರಿಯನ್ನು ಒಡೆದು ನೋಡುವ ಕೆಲಸವನ್ನು ಮಹಿಳಾ ಸಂಘದವರು ಅಥವಾ ಕಾಲೇಜು ವಿದ್ಯಾರ್ಥಿಗಳು ತಾವೇ ಮಾಡಬಹುದು.

ಮೊದಲು ಹೋಲಿಕೆಗೆ ಎರಡು ಓಣಿಗಳನ್ನು ಆರಿಸಿಕೊಳ್ಳಿ: ವಡಗಾವಿ ಅಥವಾ ಖಾಸಬಾಗದ ನೇಕಾರರ ಓಣಿಯೊಂದು, ಸಮೀಪದಲ್ಲೇ ಇರುವ ನೌಕರದಾರರ ಬಡಾವಣೆಯೊಂದು. ಪ್ರತಿ ಮೂರನೆಯ ಮನೆಯಂತೆ ಎರಡೂ ಕಡೆ ತಲಾ 30 ಮನೆಗಳು ಸಾಕು. ಬೀಗ ಹಾಕಿದ ಮನೆಯನ್ನು ಬಿಟ್ಟು ಪಕ್ಕದ ಮನೆಗೆ ಹೋಗದೆ, ಸಂಜೆ ಮತ್ತೆ ಅಲ್ಲಿಗೇ ಹೋಗಬೇಕು. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋದ ಮನೆಯೇ ಹಗಲು ಬೀಗ ಹಾಕಿರುತ್ತದೆ, ಅದನ್ನು ಬಿಟ್ಟರೆ ಲೆಕ್ಕವೇ ಕೆಡುತ್ತದೆ. ಹೆಸರು ಬರೆಯಬೇಡಿ, ಸಂಖ್ಯೆ ಕೊಡಿ. ಆದಾಯ ಕೇಳಿದರೆ ನಿಜ ಸಿಗುವುದು ಅಪರೂಪ. ಯಾವ ರೇಷನ್ ಕಾರ್ಡು, ಮನೆ ಸ್ವಂತದ್ದೋ ಬಾಡಿಗೆಯದೋ, ಎಷ್ಟು ಜನಕ್ಕೆ ಎಷ್ಟು ಕೋಣೆ ಎಂದು ಕೇಳಿ. ಬಡವರು, ಉಳ್ಳವರು ಎಂದು ಎರಡೇ ಗುಂಪು ಮಾಡುವುದೂ ಸರಿಯಲ್ಲ. 1967ರಲ್ಲಿ ಆರಂಭವಾದ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನದಲ್ಲಿ ಎಲ್ಲರೂ ಸರ್ಕಾರಿ ನೌಕರರೇ ಆಗಿದ್ದರೂ, ಹುದ್ದೆಯ ಮೆಟ್ಟಿಲು ಇಳಿದಂತೆಲ್ಲ ಹೃದ್ರೋಗದ ಸಾವು ಹೆಚ್ಚುತ್ತಿತ್ತು.

ಪ್ರಶ್ನೆಗಳನ್ನು ರೋಗದಿಂದಲ್ಲ, ನಳದಿಂದ ಆರಂಭಿಸಿ. ಬೆಳಗಾವಿಯ ಕೆಲವು ವಾರ್ಡುಗಳಿಗೆ 2008ರ ಸುಮಾರಿಗೇ ದಿನದ 24 ತಾಸೂ ನೀರು ಬಂದಿತು. ಉಳಿದವು ಸರದಿಗಾಗಿ ಕಾದವು. ಇದೇ ಯೋಜನೆ ನಡೆದ ಹುಬ್ಬಳ್ಳಿ-ಧಾರವಾಡದ ಮಕ್ಕಳ ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿರಂತರ ನೀರಿನಿಂದ ಒಟ್ಟಾರೆ ಭೇದಿ ಗಮನಾರ್ಹವಾಗಿ ಇಳಿದದ್ದು ಕಾಣಲಿಲ್ಲ. ಕಡಿಮೆ ಆದಾಯದ ಮನೆಗಳ ಮಕ್ಕಳಲ್ಲಿ ಮಾತ್ರ ರಕ್ತಭೇದಿ ಕಡಿಮೆಯಿತ್ತು. ಸರಾಸರಿ ಏನನ್ನು ಮುಚ್ಚಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಆದ್ದರಿಂದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾವುದರಲ್ಲಿ ತುಂಬಿಡುತ್ತಾರೆ ಎಂದು ಬರೆಯಿರಿ. ಮುಂದಿನ ಕೋಣೆಯನ್ನೆಲ್ಲ ವಿದ್ಯುತ್ ಮಗ್ಗವೇ ಆವರಿಸಿದ ಮನೆಯಲ್ಲಿ ಪ್ಲಾಸ್ಟಿಕ್ ಬ್ಯಾರಲ್ಲು ಬಚ್ಚಲಿನ ಪಕ್ಕದಲ್ಲೇ ನಿಂತಿರುತ್ತದೆ, ಅದರೊಳಗೆ ಕೈ ಅದ್ದಿಯೇ ತಂಬಿಗೆ ತುಂಬಬೇಕು. ಇದನ್ನು ಅಶುಚಿ ಎಂದು ಷರಾ ಬರೆಯದೆ, ಕಂಡದ್ದನ್ನಷ್ಟೇ ದಾಖಲಿಸಿ. ಬ್ಯಾರಲ್ಲಿನ ನೀರಿನಲ್ಲಿ ಉಳಿದಿರುವ, ರೋಗಾಣು ಕೊಲ್ಲುವ ಕ್ಲೋರಿನ್ ಎಷ್ಟೆಂದು ಪರೀಕ್ಷಾ ಕಿಟ್‌ನಿಂದ ನೋಡಿ, ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಗುರುತು ಹಾಕಿ. ಭೇದಿಯ ಬಗ್ಗೆ ಕಳೆದ ಎರಡು ವಾರಗಳದ್ದನ್ನು, ಟೈಫಾಯಿಡ್ ಬಗ್ಗೆ ಒಂದು ವರ್ಷದ್ದನ್ನು ಕೇಳಿ.

ಅನೇಕರು ಎಡವುವುದು ಬಿಪಿ, ಶುಗರ್ ಲೆಕ್ಕದಲ್ಲಿ. ‘ಬಿಪಿ ಇದೆಯೇ’ ಎಂದು ಕೇಳಿದರೆ ನೇಕಾರರ ಓಣಿಯೇ ಹೆಚ್ಚು ಆರೋಗ್ಯವಂತವಾಗಿ ಕಂಡೀತು, ಏಕೆಂದರೆ ಪರೀಕ್ಷೆಯೇ ಆಗದ ರೋಗ ಯಾವ ಲೆಕ್ಕಕ್ಕೂ ಬರುವುದಿಲ್ಲ. ‘ಒಂದು ವರ್ಷದಲ್ಲಿ ಯಾರಾದರೂ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದ್ದಾರೆಯೇ’ ಎಂದು ಕೇಳಿ. ಸಾಧ್ಯವಾದರೆ ಆರೋಗ್ಯ ಕಾರ್ಯಕರ್ತೆಯನ್ನು ಕರೆದೊಯ್ದು ಅಳೆಯಿಸಿ, 140/90 ದಾಟಿದವರನ್ನು ಆಸ್ಪತ್ರೆಗೆ ಕಳುಹಿಸಿ. ಪರೀಕ್ಷೆಗೆ ಏಕೆ ಹೋಗಲಿಲ್ಲವೆಂಬ ಪ್ರಶ್ನೆಗೆ ಸಿಗುವ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಸೀರೆಯ ಲೆಕ್ಕದಲ್ಲಿ ಮಜೂರಿ ಪಡೆಯುವವನಿಗೆ ಹಗಲಿನ ಓಪಿಡಿ (ಆಸ್ಪತ್ರೆಯ ಹೊರರೋಗಿ ವಿಭಾಗ) ಎಂದರೆ ಮಗ್ಗ ನಿಲ್ಲಿಸುವುದು ಎಂದೇ ಅರ್ಥ. ಚಿಕಿತ್ಸೆ ಉಚಿತವಾಗಿದ್ದರೂ ಆ ದಿನ ಉಚಿತವಲ್ಲ.

ಎಣಿಕೆ ಮುಗಿದ ಮೇಲೆ ಸಂಯಮ ಬೇಕು. ಒಂದು ಕಡೆ 4, ಇನ್ನೊಂದು ಕಡೆ 6 ಮನೆಗಳಲ್ಲಿ ಭೇದಿಯಿತ್ತು ಎಂಬುದು ಆಕಸ್ಮಿಕವೂ ಆಗಿರಬಹುದು. 3ಕ್ಕೆ 14 ಬಂದರೆ ಮಾತನಾಡಬಹುದು. ಬಿಪಿ, ಶುಗರ್ ವಯಸ್ಸಿನೊಂದಿಗೂ ಹೆಚ್ಚುವುದರಿಂದ, ವಯಸ್ಸಾದವರು ಯಾವ ಕಡೆ ಹೆಚ್ಚಿದ್ದಾರೆಂಬುದನ್ನೂ ನೋಡಿ.

ವರದಿ ಎರಡು ಪುಟ ಮೀರದಿರಲಿ. ಅದನ್ನು ಮಹಿಳಾ ಆರೋಗ್ಯ ಸಮಿತಿ, ವಾರ್ಡ್ ಸಮಿತಿ ಮತ್ತು ಪಾಲಿಕೆಯ ಆರೋಗ್ಯಾಧಿಕಾರಿಗೆ ಕೊಟ್ಟು, ‘ಜಾಗೃತಿ ಶಿಬಿರ’ದ ಬದಲು ನಿಗದಿತ ವೇಳೆಗೆ ನೀರು, ವಾರಕ್ಕೊಂದು ಸಂಜೆ ಓಪಿಡಿ ಎಂಬಂತಹ ಒಂದೆರಡು ಬೇಡಿಕೆಗಳನ್ನಷ್ಟೇ ಇಡಿ. ಉತ್ತರ ಬಾರದಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಎರಡೂ ಓಣಿಗಳ ನೀರು ಪರೀಕ್ಷಾ ವರದಿಗಳ ಪ್ರತಿ ಕೇಳಿ ಅರ್ಜಿ ಹಾಕಿ. ಅದಕ್ಕೆ 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ.