ವರ್ಷದ ಲೆಕ್ಕಕ್ಕೆ ಒಂದು ತಂತಿ ಸಾಕು: ನನ್ನ ಅನುಭವ

ಉಪ್ಪಿನಕಾಯಿ ಹಪ್ಪಳ ಮಾಡಿ ಮಾರೋ ನಮ್ಮಂಥವ್ರಿಗೆ ಡಿಸೆಂಬರಲ್ಲಿ ಕೂತು "ಈ ವರ್ಷ ಎಂತ ಸಾಧಿಸ್ದೆ" ಅಂತ ಕೇಳ್ಕೊಂಡ್ರೆ ಸುಸ್ತೊಂದೇ ನೆನಪಿಗೆ ಬರೂದು. ನಾ ಮೂರ್ನಾಲ್ಕು ವರ್ಷದಿಂದ ಬಿಲ್ಲು ಚುಚ್ಚೋ ತಂತಿ ಇಟ್ಕೊಂಡು ನೋಡ್ತಾ ಇದ್ದೆ, ಈ ಸಲ ಪಕ್ಕಾ ಕೂತ್ತು. ಅದಕ್ಕೇ ಬರೀತಾ ಇದ್ದೇನೆ.

ಅದಕ್ಕೂ ಮುಂಚೆ ಡೈರಿ ಬರೆದು ನೋಡಾಯ್ತು. ಜನವರೀಲಿ ಚಂದ ನಡೀತದೆ, ಮಾವಿನ ಮಿಡಿ ಸೀಸನ್ ಶುರುವಾದ್ಮೇಲೆ ಕೈಯೆಲ್ಲ ಉಪ್ಪು, ಪೆನ್ನು ಹಿಡಿಯೋರು ಯಾರು, ಜುಲೈ ಬಂತು ಅಂದ್ರೆ ಡೈರಿ ರಟ್ಟಿಗೆ ಬೂಸ್ಟು. ಆ್ಯಪಲ್ಲಿ ಹಾಕ್ದೆ, ಫೋನ್ ನೀರಿಗೆ ಬಿದ್ದು ಅರ್ಧ ವರ್ಷದ ಲೆಕ್ಕ ಅದರ ಜೊತೆಗೇ ಹೋಯ್ತು. ಆಮೇಲೆ ಎರಡೂವರೆ ಸಾವಿರ ಕೊಟ್ಟು ಒಂದು ಆನ್‌ಲೈನ್ ಕ್ಲಾಸು. ಆರೋಗ್ಯಕ್ಕೆ ಹತ್ತಕ್ಕೆ ಎಷ್ಟು, ದುಡ್ಡಿಗೆ ಎಷ್ಟು, ಸಂಬಂಧಕ್ಕೆ ಎಷ್ಟು ಅಂತ ನಂಬರ್ ತುಂಬ್ಸಿದ್ರು. ಎಲ್ಲಕ್ಕೂ ಆರು ಹಾಕ್ದೆ, ಯಾಕೆ ಆರು ಅಂತ ಅವ್ರಿಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ. ಆ ದುಡ್ಡಿಗೆ ಒಂದು ದೊಡ್ಡ ಭರಣಿ ಬರ್ತಿತ್ತು.

ತಂತಿ ತಂದಾಗ ಮನೆಯವ್ರು ಅಂಗಡಿ ಇಡ್ತ್ಯನೆ ಅಂದ್ರು. ಬೆಂಗಳೂರಲ್ಲಿರೋ ಭಾವನ ಮಗ "ಚಿಕ್ಕಿ, ಎಕ್ಸೆಲ್ಲಲ್ಲಿ ಹಾಕು" ಅಂತ ಫೋನ್ ಮಾಡಿದಾಗೆಲ್ಲ ಹೇಳ್ದ. ಎಕ್ಸೆಲ್‌ಗೆ ದಿನಾ ಕೂರ್ಬೇಕು, ತಂತಿಗೆ ಕೂರೂದೇ ಬೇಡ. ಕೊರಿಯರ್ ಚೀಟಿ, ಬೆಲ್ಲದ ಬಿಲ್ಲು, ಸೊಸೈಟಿ ಪಟ್ಟಿ ಎಲ್ಲ ಕೈಗೆ ಬಂದ ಹಾಗೇ ಚುಚ್ಚೂದು. ಬಿಲ್ಲಿಲ್ಲದ್ದಕ್ಕೆ ನಾನೇ ಚೀಟಿ ಬರೀತೇನೆ, "ಸ್ಕೂಟಿಯಲ್ಲಿ ಒಬ್ಳೇ ಪೇಟೆಗೆ ಹೋಗಿ ಬಂದೆ" ಅನ್ನೂದು ಹಾಗೆ ಹೋಗಿದ್ದು. ಚೀಟಿ ಕಟ್ಟು ತಂತಿಯಿಂದ ಇಡಿಯಾಗಿ ತೆಗ್ದು ಉಲ್ಟಾ ಮಾಡಿದ್ರೆ ಜನವರಿ ಮೊದ್ಲು ಬರ್ತದೆ, ತಾರೀಕು ಹುಡುಕೂದಿಲ್ಲ.

ಒಂದು ಸಂಗತಿ ಮಾತ್ರ ಎಲ್ರೂ ಗಮನದಲ್ಲಿ ಇಟ್ಕೊಳ್ಳಿ. ಈಗಿನ ಮಶೀನ್ ಚೀಟಿ ಮೇಲಿನ ಅಕ್ಷರ ಬಿಸಿಗೂ ಬೆಳಕಿಗೂ ಅಳಿಸ್ತದೆ, ವರ್ಷದ ಕೊನೆಗೆ ಬರೀ ಬಿಳಿ ಕಾಗದ ಉಳಿದೀತು. ಮೊತ್ತ, ಊರು, ಏನು ಕಳ್ಸಿದ್ದು ಅನ್ನೂದನ್ನ ಅವತ್ತೇ ಬೆನ್ನಿಗೆ ಬಾಲ್‌ಪೆನ್ನಲ್ಲಿ ಬರೀಬೇಕು. ನನ್ನ ತಂತಿ ಬಚ್ಚಲ ಒಲೆ ಇರೋ ಗೋಡೇಲಿದೆ, ಮಳೆಗಾಲಕ್ಕೆ ಅಲ್ಲಷ್ಟೇ ಬೂಸ್ಟು ಹಿಡಿಯೂದಿಲ್ಲ. ಕಾಗದ ಹೊಗೆಗೆ ಹಳದಿ ಆಗ್ತದೆ, ಆದ್ರೆ ಪೆನ್ನಿನ ಅಕ್ಷರ ಓದ್ಲಿಕ್ಕೆ ಬರ್ತದೆ.

ಓದೂದು ಅಡಿಕೆ ಸುಲಿಯೋ ರಾತ್ರಿ. ಹೇಗೂ ಎಲ್ರೂ ಮೆಟ್ಟುಗತ್ತಿ ಹಿಡ್ಕಂಡು ಕೂತಿರ್ತಾರೆ, ನಾ ಒಂದೊಂದೇ ಚೀಟಿ ತೆಗ್ದು ದೊಡ್ಡಕ್ಕೆ ಓದ್ತೇನೆ. ಅತ್ತೆ ಶುರೂನಲ್ಲಿ "ಹಿಂದಿಂದೆಲ್ಲ ಎಂತಕ್ಕೆ ಕೆದಕ್ತೆ ಕೂಸೆ" ಅಂದಿದ್ರು, ಈಗ ಅವ್ರೇ ತಿಂಗಳು ತಿಂಗಳು ನೆನಪು ಮಾಡಿ ಹೇಳ್ತಾರೆ. ಈ ಸಲ ಮೇ ತಿಂಗಳ ಚೀಟಿ ಬಹಳ ಕಮ್ಮಿ ಇತ್ತು, ನಾ ಬೇಜಾರಲ್ಲಿ ಮುಂದೆ ಹೋಗ್ತಾ ಇದ್ದೆ, ಸುಲಿಲಿಕ್ಕೆ ಬಂದವ್ಳೊಬ್ಳು "ಅಮ್ಮಾ, ಆ ವಾರ ಅತ್ತೆಮ್ಮ ಆಸ್ಪತ್ರೇಲಿದ್ರಲ್ಲ, ಬಿಸಿಲಿಲ್ದೇ ಇದ್ರೂ ಅಷ್ಟು ಹಪ್ಪಳ ನೀವೊಬ್ರೇ ಒಣಗಿಸಿದ್ರಿ" ಅಂದ್ಲು. ಹೌದಲ್ಲ! 2025ರಲ್ಲಿ ಮೇ ಮುಗಿಯೋದ್ರೊಳಗೇ ಮಳೆಗಾಲ ಹಿಡ್ಕಂಡಿತ್ತು, ಹಲಸಿನ ಹಪ್ಪಳ ಅರ್ಧಕ್ಕೆ ಇಳಿದದ್ದು ಅದಕ್ಕೆ. ಇಂಥ ಮಾತು ಯಾವ ಎಕ್ಸೆಲ್ಲಲ್ಲೂ ಬರೂದಿಲ್ಲ.

ಇನ್ನು ಹೋಲಿಸೂದು. ಹಿಂದಿನ ವರ್ಷದ ಜೊತೆ ಹೋಲಿಸಿದ್ರೆ ನಮ್ಮ ಕಡೆ ಲೆಕ್ಕ ತಪ್ತದೆ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2024ರ ಮಾರ್ಚಲ್ಲಿ ಆಗಿತ್ತು, ಜಾತ್ರೆ ವರ್ಷ ಒಂಬತ್ತು ದಿನದಲ್ಲಿ ಹೋಗೋ ಮಾಲೇ ಬೇರೆ. ಮಿಡಿ ಬಿಡೋ ಅಪ್ಪೆ ಮಾವಿನ ಮರಗಳೂ ಒಂದು ವರ್ಷ ಸುರಿದ್ರೆ ಮರುವರ್ಷ ಕೈ ಕೊಡ್ತವೆ. ಹಾಗಾಗಿ 2025ನ್ನ 2023ರ ಪಕ್ಕ ಇಟ್ಟೆ. ಆಗ ಕೈಯಲ್ಲಿ ಉಳಿದದ್ದು ನಲವತ್ತು ಸಾವಿರದ ಆಸುಪಾಸು, ಈ ಸಲ ಒಂದು ಲಕ್ಷ ಎಂಬತ್ತು ಸಾವಿರದ ವ್ಯಾಪಾರಕ್ಕೆ ಅರವತ್ತು ಸಾವಿರದ ಹತ್ರ. ಹಪ್ಪಳ ಬಿದ್ದ ವರ್ಷದಲ್ಲೂ! ಮಿಡಿ ಎತ್ತಿ ನಿಲ್ಲಿಸ್ತು. ನೂರು ಮಿಡಿಗೆ ಇನ್ನೂರರ ಮೇಲೆ ಕೊಟ್ಟಾಗ ಎಲ್ರೂ ನಗಾಡಿದ್ರು, ಅದೇ ಉಪ್ಪಿನಕಾಯಿಗೆ ಒಮ್ಮೆ ತಗೊಂಡವ್ರು ಮತ್ತೆ ಮತ್ತೆ ಕೇಳಿದ ಚೀಟಿ ಸಾಲಾಗಿ ಬಂತು. ಮಸಾಲೆ ಹದ ಕೇಳ್ಬೇಡಿ, ಅದು ಅಮ್ಮನ ಮನೇದು.

ಕೊರಿಯರಿಗೇ ಮೂವತ್ತು ಸಾವಿರದ ಮೇಲೆ ಹೋಗಿದ್ದು ತಂತಿ ತೋರಿಸಿದ ಮೇಲೇ ಕಂಡದ್ದು. ಪುಡಿಯಾದ ಹಪ್ಪಳಕ್ಕೆ ಬದ್ಲಿ ಕಳ್ಸಿದ ಖರ್ಚೂ ಅದರಲ್ಲೇ ಉಂಟು. ಬರೋ ವರ್ಷ ಹಪ್ಪಳ ಕೊರಿಯರಿಗೆ ಹಾಕೂದಿಲ್ಲ, ಹುಬ್ಬಳ್ಳಿ ಬೆಂಗಳೂರಿಗೆ ಬಸ್ಸಿಗೇ ಹಾಕೂದು, ಬೇಕಾದವ್ರು ಸ್ಟ್ಯಾಂಡಿಗೆ ಬಂದು ತಗೊಳ್ಲಿ.

ಮಗಳಿಗೂ ಒಂದು ಸಣ್ಣ ತಂತಿ ಕೊಟ್ಟೆ. ಮಾರ್ಕ್ಸ್ ಕಾರ್ಡಿಗಿಂತ ಚಿತ್ರಗಳೇ ಜಾಸ್ತಿ ಚುಚ್ಚಿದಾಳೆ, ಜನವರೀದಕ್ಕೂ ನವೆಂಬರಿಂದಕ್ಕೂ ಕೈ ಎಷ್ಟು ಪಳಗಿದೆ ಅಂತ ಅವಳಿಗೇ ಕಾಣ್ತದೆ, ರಾಶಿ ಖುಷಿ ಆಯ್ತು.

ಓದಿ ಮುಗಿದ ಮೇಲೆ ಚೀಟಿಗಳನ್ನ ಮೂರು ಗುಡ್ಡೆ ಮಾಡ್ತೇನೆ. ಹೇಗೆ ವಿಂಗಡಿಸೂದು ಅಂತ ಈಗ ಹೇಳೂದಿಲ್ಲ, ಒಂದೆರಡು ವರ್ಷ ನೀವೇ ಓದಿ, ಹೊಳೀತದೆ. ತಂತಿ ಪೇಟೇಲಿ ಮೂವತ್ತು ನಲವತ್ತಕ್ಕೆ ಸಿಗ್ತದೆ, ಕೆಳಗೆ ಮರದ ಬಿಲ್ಲೆ ಇರೋದೇ ನೋಡಿ ತಗೊಳ್ಳಿ, ಪ್ಲಾಸ್ಟಿಕ್ಕಿಂದು ಒಲೆ ಬಿಸಿಗೆ ಬಾಗ್ತದೆ.