ಹಸಿರು ಚುಕ್ಕಿ ಬೀಳುವ ತನಕ

ಲೇಸರ್ ಹೊಡೆದು ಎಲೆಕ್ಟ್ರಾನ್ ಓಡಿಸುತ್ತೇವೆ ಅಂದರೆ ಕೇಳಿದವರ ಮೊದಲ ಪ್ರಶ್ನೆ, ಲೇಸರಿನ ಶಕ್ತಿ ಎಷ್ಟು? ನಾನೂ ಮೂರು ವಾರ ಅದರ ಹಿಂದೆಯೇ ಬಿದ್ದು ಕೆಟ್ಟೆ.

ನಮ್ಮದು 800 ನ್ಯಾನೊಮೀಟರಿನ ಟೈಟೇನಿಯಂ ಸಫೈರ್ ಲೇಸರ್. ಪಲ್ಸಿಗೆ ಸುಮಾರು 1 ಜೂಲ್, ಅವಧಿ 30 ಫೆಮ್ಟೊಸೆಕೆಂಡ್. ಅಷ್ಟರಲ್ಲಿ ಬೆಳಕು ಹೋಗುವ ದೂರವೇ ಪಲ್ಸಿನ ದಪ್ಪ, ಅಂದರೆ ಬರೀ 9 ಮೈಕ್ರಾನ್ ದಪ್ಪದ ಬೆಳಕಿನ ಬಿಲ್ಲೆ. ಅದು ಹೀಲಿಯಂನೊಳಕ್ಕೆ ನುಗ್ಗಿದಾಗ ಪಲ್ಸಿನ ಮುಂಭಾಗವೇ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅನಿಲವನ್ನು ಪ್ಲಾಸ್ಮಾ ಮಾಡಿಬಿಡುತ್ತದೆ. ಹಿಂದೆ ಬರುವ ಬೆಳಕು ಎಲೆಕ್ಟ್ರಾನುಗಳನ್ನು ಬದಿಗೆ ದಬ್ಬುತ್ತದೆ, ಭಾರದ ಅಯಾನುಗಳು ಅಲ್ಲೇ ನಿಲ್ಲುತ್ತವೆ. ಹೀಗೆ ಉಳಿದ ಗುಳ್ಳೆ ಪಲ್ಸಿನ ಬೆನ್ನಿಗೇ ಓಡುತ್ತದೆ. ಅದರ ಹಿಂತುದಿಯಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನಿಗೆ ಮೀಟರಿಗೆ 100 ಗಿಗಾವೋಲ್ಟ್ ಆಸುಪಾಸಿನ ಸೆಳೆತ. ಸಾಮಾನ್ಯ ವೇಗವರ್ಧಕಗಳ ಲೋಹದ ಕುಹರಗಳಲ್ಲಿ ಮೀಟರಿಗೆ 100 ಮೆಗಾವೋಲ್ಟ್ ಮುಟ್ಟುವುದೇ ಸಾಹಸ. ಲೇಸರ್ ಮತ್ತು ಪ್ಲಾಸ್ಮಾದಿಂದ ಹೀಗೆ ಎಲೆಕ್ಟ್ರಾನ್ ಓಡಿಸಬಹುದೆಂದು ಭೌತವಿಜ್ಞಾನಿಗಳಾದ ತಾಜಿಮಾ ಮತ್ತು ಡಾಸನ್ 1979ರಲ್ಲೇ ಹೇಳಿದ್ದರು. ಒಂದೇ ಶಕ್ತಿಯ ಸುತ್ತ ಗುಂಪುಗೂಡಿದ ಎಲೆಕ್ಟ್ರಾನ್ ಕಿರಣವನ್ನು ಮೂರು ತಂಡಗಳು ತೋರಿಸಿದ್ದು 2004ರಲ್ಲಿ.

ನಮಗೆ ಮಾತ್ರ ಅಂಥ ಕಿರಣದ ಚುಕ್ಕಿ ಪರದೆಯ ಮೇಲೆ ಬೀಳಲೊಲ್ಲದು. 2 ಮಿಲಿಮೀಟರ್ ನಾಜಲಿನಿಂದ ಅನಿಲ ಚಿಮ್ಮುತ್ತದೆ, ಲೇಸರ್ ಬೀಳುತ್ತದೆ, ಎಲೆಕ್ಟ್ರಾನ್ ತಾಗಿದಲ್ಲಿ ಹೊಳೆಯುವ ಫಾಸ್ಫರ್ ಪರದೆಯ ಮೇಲೆ ಮಸುಕು ಹೊಗೆಯಂಥ ಬೆಳಕು, ಅದೂ ಎಡಕ್ಕೆ ಸರಿದು. ನಮ್ಮ ಲೇಸರಿಗೆ ಶಕ್ತಿ ತುಂಬುವ ಪಂಪ್ ಲೇಸರ್ ಏರಿಸಿದೆ, ಅನಿಲದ ಒತ್ತಡ ಏರಿಸಿದೆ. ಹೊಗೆ ದಪ್ಪಗಾಯಿತು, ಅಷ್ಟೇ.

ಲೇಸರಿನ ಫೋಕಸ್ ಚುಕ್ಕಿ ಸ್ವಲ್ಪ ಉದ್ದುದ್ದ ಇತ್ತು. ಬಾಗುಗನ್ನಡಿಯದೇ ತಪ್ಪೆಂದು ದಿನಗಟ್ಟಲೆ ಅದರ ತಿರುಪು ತಿರುಗಿಸಿದೆ. ಕೊನೆಗೆ ಜೊತೆಗಾರ್ತಿ, ‘ಬಣ್ಣ ಬೇರೆ ಮಾಡಿ ನೋಡೋಣವೇ?’ ಅಂದಳು. ಇಷ್ಟು ಚಿಕ್ಕ ಪಲ್ಸಿನಲ್ಲಿ 800ರ ಆಚೀಚಿನ ಬಣ್ಣಗಳೂ ಬೆರೆತಿರುತ್ತವೆ. ಶಕ್ತಿ ತೀರಾ ತಗ್ಗಿಸಿ, ಕ್ಯಾಮೆರಾ ಮುಂದೆ ಮೊದಲು 780 ನ್ಯಾನೊಮೀಟರಿನ ಬಣ್ಣ ಮಾತ್ರ ಬಿಡುವ ಫಿಲ್ಟರ್ ಇಟ್ಟೆವು, ಆಮೇಲೆ 820ರದು. ಚುಕ್ಕಿ ಪಕ್ಕಕ್ಕೆ ಜಿಗಿಯಿತು! ಪಲ್ಸನ್ನು ಚಿಕ್ಕದು ಮಾಡುವ ಕಂಪ್ರೆಸರಿನ ಎರಡು ಗ್ರೇಟಿಂಗ್‌ಗಳು, ಅಂದರೆ ಬಣ್ಣ ಬಿಡಿಸುವ ಗೀರುಫಲಕಗಳು, ಕೂದಲೆಳೆಯಷ್ಟು ಓರೆಯಾಗಿ, ಒಂದೊಂದು ಬಣ್ಣವೂ ಒಂದೊಂದು ದಿಕ್ಕು ಹಿಡಿದಿತ್ತು. ಫೋಕಸಿನಲ್ಲಿ ಪಲ್ಸ್ 30 ಫೆಮ್ಟೊಸೆಕೆಂಡಿಗಿಂತ ಉದ್ದವಾಗಿತ್ತು, ಅದರ ಮುಖವೂ ವಾಲಿತ್ತು. ಎಲೆಕ್ಟ್ರಾನ್ ಕಿರಣ ಎಡಕ್ಕೆ ಸರಿದದ್ದು ಅದಕ್ಕೇ. ಅವಧಿ ಅಳೆಯುವ ಉಪಕರಣ ಎಲ್ಲ ಸರಿ ಎನ್ನುತ್ತಲೇ ಇತ್ತು, ಏಕೆಂದರೆ ನಾವು ಅದಕ್ಕೆ ತೋರಿಸುತ್ತಿದ್ದದ್ದು ಫೋಕಸಿಗೆ ಮುಂಚಿನ ಅಗಲ ಕಿರಣದ ಒಂದು ಚೂರನ್ನು.

ಒಂದು ಗ್ರೇಟಿಂಗನ್ನು ಅಷ್ಟಷ್ಟೇ ತಿರುಗಿಸಿ, ಎರಡೂ ಬಣ್ಣದ ಚುಕ್ಕಿ ಒಂದರ ಮೇಲೊಂದು ಕೂರುವವರೆಗೆ ಅರ್ಧ ದಿನ. ಆಮೇಲೆ ಫೋಕಸನ್ನು ಅನಿಲದ ಮುಂದಂಚಿಗೆ ತಂದೆವು. ನಾಲ್ಕನೇ ಶಾಟಿಗೆ ಪರದೆಯ ನಡುವೆ ಪುಟ್ಟ ಹಸಿರು ಚುಕ್ಕಿ. ಎಲೆಕ್ಟ್ರಾನುಗಳನ್ನು ಅವುಗಳ ಶಕ್ತಿಗೆ ತಕ್ಕಂತೆ ಬಾಗಿಸುವ ಆಯಸ್ಕಾಂತವನ್ನು ಒಳಗೆ ಸರಿಸಿದರೆ ಚುಕ್ಕಿ 80 ಮೆಗಾ ಎಲೆಕ್ಟ್ರಾನ್ ವೋಲ್ಟಿನ ಗುರುತಿನ ಹತ್ತಿರ ಹೋಗಿ ನಿಂತಿತು. ಲೇಸರನ್ನು 0.7 ಜೂಲಿಗೆ ಇಳಿಸಿದೆ. ಚುಕ್ಕಿ ಹಾಗೇ ಇತ್ತು.