ಬ್ಯಾಂಡ್ ಜೊತೆ ಇದ್ದವರ ನೆನಪಿನ ಪುಸ್ತಕ ಓದೋದು ಹೇಗೆ?

ಅರವತ್ತರ ದಶಕದ ಇಂಗ್ಲೆಂಡಿನ ಬ್ಯಾಂಡ್ ಬೀಟಲ್ಸ್ ಬಗ್ಗೆ ಹೆಂಡತಿಯರು ಬರೆದಿದ್ದಾರೆ, ಬಾಲ್ಯದ ಗೆಳೆಯ ಬರೆದಿದ್ದಾನೆ, ಸೌಂಡ್ ಎಂಜಿನಿಯರ್ ಬರೆದಿದ್ದಾನೆ. ಎಲ್ಲರೂ ಅಲ್ಲೇ ಇದ್ದವರು, ಸರಿ. ಆದರೆ ಯಾವ ಕೆಲಸದ ಮೇಲೆ ಇದ್ದರು? ಪುಸ್ತಕ ಕೈಗೆ ಬಂದ ತಕ್ಷಣ ಮೊದಲು ಅದನ್ನು ನೋಡಿಕೊಳ್ಳಿ.

ಮಾಲ್ ಎವನ್ಸ್‌ನನ್ನೇ ತಗೊಳ್ಳಿ. ಟೆಲಿಫೋನ್ ಎಂಜಿನಿಯರ್ ಆಗಿದ್ದವನು, ಲಿವರ್‌ಪೂಲ್‌ನ ಕ್ಯಾವರ್ನ್ ಕ್ಲಬ್ಬಿನಲ್ಲಿ ಬೌನ್ಸರ್ ಆಗಿ, 1963ರಲ್ಲಿ ಬೀಟಲ್ಸ್‌ನ ರೋಡಿ, ಅಂದರೆ ವಾದ್ಯ-ಸಾಮಾನು ಸಾಗಿಸಿ ಜೋಡಿಸುವವನು, ಆದ. ಆ ಜನವರಿಯಲ್ಲಿ ಲಂಡನ್‌ನಿಂದ ಲಿವರ್‌ಪೂಲ್‌ಗೆ ವ್ಯಾನ್ ಓಡಿಸುತ್ತಿದ್ದಾಗ ಮುಂದಿನ ಗಾಜು ಒಡೆಯಿತು. ಹಲ್ಲು ಕಟಕಟ ಅನ್ನೋ ಚಳಿ. ಬಿರುಕುಬಿಟ್ಟ ಗಾಜನ್ನು ಗುದ್ದಿ ತೆಗೆದು ಹಾಗೇ ಓಡಿಸಿಕೊಂಡು ಬಂದ. ಹಿಂದೆ ಬ್ಯಾಂಡಿನ ನಾಲ್ಕೂ ಜನ, ಅಂದರೆ ಜಾನ್, ಪಾಲ್, ಜಾರ್ಜ್, ರಿಂಗೋ, ಒಬ್ಬರ ಮೇಲೊಬ್ಬರು ಮಲಗಿ, ಒಂದು ವಿಸ್ಕಿ ಬಾಟಲಿ ಹಂಚಿಕೊಂಡು, ಮೇಲಿದ್ದವನು ಮರಗಟ್ಟಿದಾಗ ಅವನನ್ನು ಕೆಳಗೆ ಹಾಕಿಕೊಳ್ಳುತ್ತಾ ಊರು ಸೇರಿದರು. ಇಂಥದ್ದನ್ನು ಧೈರ್ಯವಾಗಿ ನಂಬಿ. ವ್ಯಾನ್ ಅವನ ಕೆಲಸ, ಮೇಲಾಗಿ ಒಳಗಿದ್ದ ಪಾಲ್ ಕೂಡ ಇದೇ ಕತೆ ಹೇಳಿದ್ದಾನೆ.

ಅದೇ ವ್ಯಾನ್ ಓಡಿಸಿದವನು ಬ್ಯಾಂಡ್ ಯಾಕೆ ಒಡೆಯಿತು ಅಂತ ಹೇಳಲು ಶುರು ಮಾಡಿದರೆ ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿ. ಆ ಮಾತಾದಾಗ ಅವನು ಕೋಣೆಯೊಳಗಿದ್ದನಾ? ನಲವತ್ತು ವರ್ಷದ ಹಿಂದಿನ ಜಗಳ ಅರ್ಧ ಪುಟದಷ್ಟು ಮಾತಿನ ಸಮೇತ ಬಂದರೆ ಅದು ಬರೆಯುವಾಗ ಹುಟ್ಟಿದ್ದು, ಅಷ್ಟೇ.

ಆಮೇಲೆ ಪುಸ್ತಕ ಬಂದ ಇಸವಿ ನೋಡಿ. ಜಾನ್‌ನ ಮೊದಲ ಹೆಂಡತಿ ಸಿಂಥಿಯಾ ಎರಡು ಸಲ ಬರೆದರು, 1978ರಲ್ಲಿ ಮತ್ತು 2005ರಲ್ಲಿ. ಮೊದಲನೆಯದು ಬಂದಾಗ ಜಾನ್ ಬದುಕಿದ್ದ, ಎರಡನೆಯದು ಬರುವಷ್ಟರಲ್ಲಿ ಅವನು ಸತ್ತು 25 ವರ್ಷವಾಗುತ್ತಾ ಬಂದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ, ಮಜಾ ಇದೆ.

ರೆಕಾರ್ಡಿಂಗ್ ಕತೆಗಳನ್ನು ತಾಳೆ ನೋಡೋದು ಸುಲಭ. ಬೀಟಲ್ಸ್ ರೆಕಾರ್ಡ್ ಮಾಡುತ್ತಿದ್ದ ಇಎಂಐ ಸ್ಟುಡಿಯೋದ ಟೇಪು, ಕಾಗದಪತ್ರ ಎಲ್ಲಾ ಜಾಲಾಡಿ ಇತಿಹಾಸಕಾರ ಮಾರ್ಕ್ ಲೂಯಿಸನ್ 1988ರಲ್ಲಿ ದಿನದಿನದ ಲೆಕ್ಕ ಪ್ರಕಟಿಸಿದ್ದಾರೆ. ಜನವರಿ 1969ರ ವಿಷಯವಾದರೆ, ಆಗ ಅವರು ಹಾಡು ಕಟ್ಟುತ್ತಿದ್ದುದನ್ನು ಚಿತ್ರೀಕರಿಸಿದ ಫಿಲಂ ಕೂಡ ಇದೆ. ಆ ತಿಂಗಳೆಲ್ಲ ಬರೀ ಜಗಳ ಅಂತ ಅಲ್ಲಿದ್ದವರೇ ವರ್ಷಗಟ್ಟಲೆ ಹೇಳುತ್ತಿದ್ದರು. ಜಾರ್ಜ್ 10ನೇ ತಾರೀಖು ಬ್ಯಾಂಡ್ ಬಿಟ್ಟು ಎದ್ದುಹೋಗಿದ್ದೂ ನಿಜವೇ. ಆದರೆ 2021ರಲ್ಲಿ ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ಆ ರೀಲುಗಳನ್ನು ಹೊಸದಾಗಿ ಜೋಡಿಸಿ ತೋರಿಸಿದಾಗ ನಗು, ತಮಾಷೆನೂ ಜಾಸ್ತಿನೇ ಇತ್ತು ಅಂತ ಗೊತ್ತಾಯಿತು. ಮಾಲ್ ಅದರಲ್ಲಿ ಒಂದು ಹಾಡಿಗೆ ತಾಳವಾಗಿ ಕಮ್ಮಾರರ ಕಬ್ಬಿಣದ ಅಡಿಗಲ್ಲಿಗೆ ಸುತ್ತಿಗೆ ಬಡಿಯುತ್ತಾ ಎಷ್ಟು ಖುಷಿಯಾಗಿದ್ದಾನೆ ನೋಡಿ!

ನೆನಪಿಗಿಂತ ಡೈರಿ ವಾಸಿ. ಮಾಲ್ ಡೈರಿ ಬರೆಯುತ್ತಿದ್ದ, ಪುಸ್ತಕವನ್ನೂ ಬರೆಯುತ್ತಿದ್ದ. ಅದು ಅಚ್ಚಾಗುವ ಮೊದಲೇ, ಜನವರಿ 1976ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಪೊಲೀಸರ ಗುಂಡಿಗೆ ಸತ್ತ. ಆ ಕಾಗದಗಳು ಪ್ರಕಾಶಕರ ನೆಲಮಾಳಿಗೆಯಲ್ಲಿ ಬಿದ್ದಿದ್ದವು, 1988ರಲ್ಲಿ ಸಿಕ್ಕವು. 2023ರಲ್ಲಿ ಬಂದ ಅವನ ಜೀವನಚರಿತ್ರೆಗೆ ಅವೇ ಆಧಾರ. ಹೊಸದಾಗಿ ಶುರು ಮಾಡುವವರು ಅಲ್ಲಿಂದಲೇ ಶುರು ಮಾಡಿ, ಡೈರಿಯ ಸಾಲು ಎಲ್ಲಿ ಮುಗಿದು ಲೇಖಕರ ಮಾತು ಎಲ್ಲಿ ಶುರುವಾಗುತ್ತೆ ಅನ್ನೋದನ್ನು ಗಮನಿಸುತ್ತಾ ಹೋಗಿ.